ಅಂದಕ್ಕಿಂತ ಆರೋಗ್ಯಕ್ಕೆ ಮಣೆ ಹಾಕಿದ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್

ಪೊಲೀಸ್ ಶ್ವಾನದಳ ಎಂದೊಡನೆ ಕಣ್ಮುಂದೆ ಬರುವುದು ನಿಮಿರಿದ ಕಿವಿಯ, ನೀಳ ಮುಖದ, ತೋಳದ ಹೋಲಿಕೆಯ ಒಂದು ನಾಯಿ. ನಮ್ಮ ನಾಡಿನ ಹಳೆಯ ತಲೆಮಾರಿನವರು ಅದನ್ನು ಆಲ್ಸೇಷಿಯನ್ ಎಂದೇ ಕರೆದರು. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಹೆಸರನ್ನೇ ಸಹಿಸದಿದ್ದ ಬ್ರಿಟನ್ ಇಟ್ಟ ಹೆಸರದು. ಜರ್ಮನ್ ಶೆಫರ್ಡ್ ಎಂಬ ಮೂಲ ಹೆಸರು ಆ ದೇಶದ ದಾಖಲೆಗಳಿಗೆ ಮರಳಿದ್ದು 1977ರಲ್ಲಿ. ಚೆದುರಿಹೋಗಿದ್ದ ಕುರಿನಾಯಿಗಳನ್ನು ಒಂದು ತಳಿಯಾಗಿ ರೂಪಿಸಿ, ಅದರ ಆರೋಗ್ಯಕ್ಕೆ ಕಟ್ಟುಪಾಡುಗಳ ಬೇಲಿ ಕಟ್ಟಿದವರು ಅಶ್ವದಳದ ಒಬ್ಬ ಅಧಿಕಾರಿ, ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್.

ಕುದುರೆಯಿಂದ ನಾಯಿಯೆಡೆಗೆ

ಸ್ಟೆಫಾನಿಟ್ಸ್ ಜನಿಸಿದ್ದು 1864ರ ಡಿಸೆಂಬರ್ 30ರಂದು, ಸ್ಯಾಕ್ಸನಿಯ ಡ್ರೆಸ್ಡೆನ್ ನಗರದಲ್ಲಿ. ಕುಲೀನ ಮನೆತನದ ಈ ಯುವಕ ಸೈನ್ಯ ಸೇರಿ ಅಶ್ವದಳದ ಅಧಿಕಾರಿಯಾದರು. ಬರ್ಲಿನ್ನಿನ ಪಶುವೈದ್ಯ ವಿದ್ಯಾಲಯದಲ್ಲಿ ಕೆಲಕಾಲ ಇದ್ದಾಗ ಪ್ರಾಣಿಗಳ ಅಂಗರಚನೆಯ ಪರಿಚಯ ಪಡೆದರು. ಮೂಳೆಗಳ ಜೋಡಣೆಗೂ ನಡಿಗೆಗೂ ಇರುವ ನಂಟು, ದೇಹದ ಒಂದು ಭಾಗದಲ್ಲಿನ ಓರೆಯಿಂದ ಇಡೀ ದೇಹ ಬೇಗ ದಣಿಯುವ ಬಗೆ ಅವರಿಗೆ ಅಲ್ಲಿ ತಿಳಿಯಿತು. ಕುದುರೆಗಳ ವಿಷಯದಲ್ಲಿ ಕಲಿತ ಈ ಪಾಠವನ್ನೇ ಅವರು ಮುಂದೆ ನಾಯಿಗಳಿಗೂ ಅನ್ವಯಿಸಿದರು.

ಸೈನಿಕ ಕವಾಯತುಗಳಿಗಾಗಿ ಹಳ್ಳಿಗಾಡಿನಲ್ಲಿ ಸಂಚರಿಸುವಾಗ ಅವರ ಗಮನ ಸೆಳೆದದ್ದು ಕುರಿಗಾಹಿಗಳ ನಾಯಿಗಳು. ಇವು ದಿನವಿಡೀ ಹಿಂಡಿನ ಸುತ್ತ ಓಡುತ್ತಿದ್ದವು. ಒಡೆಯನ ಒಂದು ಸನ್ನೆಗೆ ನಿಂತು, ಇನ್ನೊಂದಕ್ಕೆ ತಿರುಗುತ್ತಿದ್ದವು. ಆದರೆ ಒಂದು ಪ್ರಾಂತ್ಯದ ನಾಯಿ ಮತ್ತೊಂದರಂತೆ ಇರಲಿಲ್ಲ. ತ್ಯೂರಿಂಗಿಯಾದ ನಾಯಿಗಳ ಕಿವಿ ನಿಮಿರಿರುತ್ತಿತ್ತು, ಮೈಕಟ್ಟು ಚಿಕ್ಕದು. ವ್ಯೂರ್ಟೆಂಬರ್ಗಿನವು ದೊಡ್ಡವು, ಭಾರದವು. ಈ ನಾಯಿಗಳನ್ನು ಒಂದು ಮಾದರಿಗೆ ತರಲು 1891ರಲ್ಲಿ ಫೈಲಾಕ್ಸ್ ಎಂಬ ಸಂಘ ಹುಟ್ಟಿತು. ರೂಪ ಮುಖ್ಯವೋ ದುಡಿಮೆ ಮುಖ್ಯವೋ ಎಂಬ ಜಗಳದಲ್ಲಿ ಅದು 1894ರಲ್ಲೇ ಮುಚ್ಚಿಹೋಯಿತು. ಆ ಸೋಲನ್ನು ಹತ್ತಿರದಿಂದ ಕಂಡ ಸ್ಟೆಫಾನಿಟ್ಸ್, ಕೆಲಸಕ್ಕೆ ಬಾರದ ಚೆಲುವು ತಳಿಯನ್ನು ಉಳಿಸದು ಎಂಬ ನಿಲುವಿಗೆ ಬಂದರು. ಉಪಯುಕ್ತತೆ ಮತ್ತು ಬುದ್ಧಿ ಅವರ ಧ್ಯೇಯವಾದವು.

ಶತಮಾನದ ಅಂಚಿನಲ್ಲಿ, ಕ್ಯಾಪ್ಟನ್ ಹುದ್ದೆಗೇರಿದ ಸ್ವಲ್ಪ ಕಾಲದಲ್ಲೇ ಅವರು ಸೈನ್ಯವನ್ನು ಬಿಡಬೇಕಾಯಿತು. ನಟಿಯೊಬ್ಬರನ್ನು ವಿವಾಹವಾದದ್ದು ಅಂದಿನ ಅಧಿಕಾರಿ ವರ್ಗಕ್ಕೆ ಸರಿಬರಲಿಲ್ಲವೆಂಬುದು ಅವರ ಜೀವನ ಬರೆದವರು ನೀಡುವ ಕಾರಣ. ಬವೇರಿಯಾದ ಗ್ರಾಫ್ರಾಟ್ ಬಳಿ ಅವರು ಕೊಂಡಿದ್ದ ಜಮೀನು ಮುಂದಿನ ಪ್ರಯೋಗಗಳ ನೆಲೆಯಾಯಿತು.

ಕಾರ್ಲ್ಸ್‌ರೂಹೆಯ ಪ್ರದರ್ಶನ

1899ರ ಏಪ್ರಿಲ್ 3ರಂದು ಕಾರ್ಲ್ಸ್‌ರೂಹೆಯ ಶ್ವಾನ ಪ್ರದರ್ಶನಕ್ಕೆ ಗೆಳೆಯ ಆರ್ಟುರ್ ಮೇಯರ್ ಅವರೊಂದಿಗೆ ಹೋದ ಸ್ಟೆಫಾನಿಟ್ಸ್, ಹೆಕ್ಟರ್ ಲಿಂಕ್ಸ್‌ರೈನ್ ಎಂಬ ನಾಯಿಯನ್ನು ಕಂಡರು. ತೋಳದಂತಹ ಮೈಮಾಟ, ಗಟ್ಟಿ ಸ್ನಾಯು, ಚುರುಕು ಕಣ್ಣು, ಸ್ಥಿರ ಸ್ವಭಾವ ಎಲ್ಲವೂ ಅದರಲ್ಲಿದ್ದವು. ಅದನ್ನು ಕೊಂಡು ಹೊರಾಂಡ್ ಫಾನ್ ಗ್ರಾಫ್ರಾಟ್ ಎಂದು ಹೆಸರಿಟ್ಟರು. ಅದೇ ತಿಂಗಳ 22ರಂದು ಜರ್ಮನ್ ಕುರಿನಾಯಿ ಸಂಘ ಸ್ಥಾಪನೆಯಾಯಿತು. ಸ್ಟೆಫಾನಿಟ್ಸ್ ಅದರ ಮೊದಲ ಅಧ್ಯಕ್ಷರಾದರು. ಸಂಘದ ವಂಶಾವಳಿ ಪುಸ್ತಕದಲ್ಲಿ ಒಂದನೆಯ ಸಂಖ್ಯೆ ಹೊರಾಂಡ್‌ಗೆ ಸಂದಿತು.

ಬಯಸಿದ ಗುಣಗಳನ್ನು ಬೇಗ ನೆಲೆಗೊಳಿಸಲು ಅವರು ಹಿಡಿದ ದಾರಿ ಅಂದಿನ ಎಲ್ಲ ತಳಿಗಾರರದೇ ಆಗಿತ್ತು. ಹೊರಾಂಡ್‌ನ ಮರಿಗಳನ್ನು, ಮೊಮ್ಮರಿಗಳನ್ನು ಮತ್ತೆ ಅದೇ ಕುಟುಂಬದೊಳಗೆ ಕೂಡಿಸಲಾಯಿತು. ಅದರ ಮಗ ಹೆಕ್ಟರ್ ಫಾನ್ ಶ್ವಾಬೆನ್, ಆ ಹೆಕ್ಟರ್‌ನ ಮಗ ಬೇವುಲ್ಫ್ ತಳಿಯ ಕಂಬಗಳೆನಿಸಿದರು. ಇಂದಿನ ಜರ್ಮನ್ ಶೆಫರ್ಡ್‌ಗಳ ವಂಶಾವಳಿ ಹಿಂದಕ್ಕೆ ಹೋದಂತೆ ಮತ್ತೆ ಮತ್ತೆ ಈ ಹೆಸರುಗಳನ್ನೇ ಮುಟ್ಟುತ್ತದೆ.

ಈ ದಾರಿಯ ಅಪಾಯವನ್ನು ಇಂದಿನ ವಿಜ್ಞಾನ ಸ್ಪಷ್ಟವಾಗಿ ಹೇಳುತ್ತದೆ. ಪ್ರತಿ ಪ್ರಾಣಿಯೂ ಕೆಲವು ದೋಷಗಳನ್ನು ಅಡಗಿಸಿಟ್ಟುಕೊಂಡಿರುತ್ತದೆ. ತಂದೆ ತಾಯಿ ಇಬ್ಬರಿಗೂ ಪೂರ್ವಜ ಒಂದೇ ಆದಾಗ ಅದೇ ದೋಷ ಎರಡೂ ಕಡೆಯಿಂದ ಮರಿಗೆ ಬಂದು ರೋಗವಾಗಿ ಹೊರಬೀಳಬಹುದು. ಸ್ಟೆಫಾನಿಟ್ಸ್ ಅವರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಆದರೆ ರಕ್ತ ಒಂದೆಡೆ ಮಡುಗಟ್ಟಿದರೆ ತಳಿ ಕುಗ್ಗುತ್ತದೆಂಬುದನ್ನು ಅನುಭವದಿಂದ ಅರಿತಿದ್ದ ಅವರು, ಹಿಂಡುಗಳ ನಡುವೆ ದುಡಿಯುತ್ತಿದ್ದ ಹೊರಗಿನ ನಾಯಿಗಳನ್ನೂ ತಳಿಯೊಳಗೆ ತಂದರು.

ಕಟ್ಟುಪಾಡುಗಳ ಬೇಲಿ

ಅವರ ನಿಜವಾದ ಕೊಡುಗೆ ಇರುವುದು ಸಂಘಕ್ಕೆ ಕಟ್ಟಿಕೊಟ್ಟ ಶಿಸ್ತಿನಲ್ಲಿ. ಪ್ರದರ್ಶನದಲ್ಲಿ ಪದಕ ಗೆದ್ದ ಮಾತ್ರಕ್ಕೆ ನಾಯಿ ಸಂತಾನಕ್ಕೆ ಯೋಗ್ಯವಾಗುತ್ತಿರಲಿಲ್ಲ. ಸಂಘ ನೇಮಿಸಿದ ಸ್ಥಳೀಯ ಮೇಲ್ವಿಚಾರಕರು ತಳಿಗಾರರಿಗೆ ಜೋಡಿಯ ಆಯ್ಕೆಯಲ್ಲಿ ಸಲಹೆ ನೀಡುತ್ತಿದ್ದರು, ಹುಟ್ಟಿದ ಮರಿಗಳನ್ನು ಪರಿಶೀಲಿಸುತ್ತಿದ್ದರು. 1920ರ ದಶಕದ ಆರಂಭದಲ್ಲಿ ತಳಿ ಪರೀಕ್ಷೆಯ ವ್ಯವಸ್ಥೆ ಬಂದಿತು. ಪರೀಕ್ಷಕರು ಪ್ರತಿ ನಾಯಿಯ ಅಳತೆ, ಹಲ್ಲು, ನಡಿಗೆ, ಸ್ವಭಾವಗಳನ್ನು ನೋಡಿ, ಅದನ್ನು ಯಾವ ಬಗೆಯ ಜೋಡಿಗೆ ಬಳಸಬಹುದು, ಯಾವುದಕ್ಕೆ ಬಳಸಬಾರದು ಎಂದು ಬರೆದಿಡುತ್ತಿದ್ದರು. ಆ ವರದಿ ಎಲ್ಲ ತಳಿಗಾರರಿಗೂ ಲಭ್ಯವಿತ್ತು. ತನ್ನ ನಾಯಿಯ ಕುಂದನ್ನು ಒಡೆಯ ಮುಚ್ಚಿಡುವ ಅವಕಾಶ ಇದರಿಂದ ಕಡಿಮೆಯಾಯಿತು.

ಅಷ್ಟರಲ್ಲಿ ಜರ್ಮನಿ ಕೈಗಾರಿಕೆಯ ನಾಡಾಗುತ್ತಿತ್ತು, ಕುರಿಹಿಂಡುಗಳು ಕಡಿಮೆಯಾಗುತ್ತಿದ್ದವು. ಕೆಲಸವಿಲ್ಲದ ತಳಿ ಅಲಂಕಾರದ ವಸ್ತುವಾದೀತೆಂದು ಅಂಜಿದ ಸ್ಟೆಫಾನಿಟ್ಸ್, ಪೊಲೀಸ್ ಇಲಾಖೆಯ ಮನವೊಲಿಸಿದರು. ಜಾಡು ಹಿಡಿಯುವುದು, ವಿಧೇಯತೆ, ರಕ್ಷಣೆಗಳ ಪರೀಕ್ಷೆಗಳು ರೂಪುಗೊಂಡವು. ಮೊದಲ ಮಹಾಯುದ್ಧದಲ್ಲಿ ಈ ನಾಯಿಗಳು ಸಂದೇಶ ಒಯ್ದವು, ಗಾಯಾಳುಗಳನ್ನು ಹುಡುಕಿದವು. 1916ರಲ್ಲಿ ಓಲ್ಡನ್‌ಬರ್ಗಿನಲ್ಲಿ ಡಾ. ಗೇರ್ಹಾರ್ಡ್ ಸ್ಟಾಲಿಂಗ್ ಅವರ ಪ್ರಯತ್ನದಿಂದ, ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡವರಿಗೆ ದಾರಿ ತೋರುವ ನಾಯಿಗಳ ಶಾಲೆ ಆರಂಭವಾದಾಗ ಮುಂದೆ ಬಂದದ್ದೂ ಇದೇ ತಳಿ.

ಕೀರ್ತಿಯ ಹಿಂದೆಯೇ ಕೇಡು ಬಂದಿತು. ಯುದ್ಧಾನಂತರ ದೇಶವಿದೇಶಗಳಲ್ಲಿ ಬೇಡಿಕೆ ಏರಿದಂತೆ ಹಣದಾಸೆಯ ತಳಿಗಾರರು ಹೆಚ್ಚಿದರು. ನಾಯಿಗಳು ಎತ್ತರವಾಗಿ, ಭಾರವಾಗಿ ಬೆಳೆಯತೊಡಗಿದವು. ಹಲ್ಲಿನ ದೋಷ, ಅಂಜುಬುರುಕ ಸ್ವಭಾವ ಕಾಣಿಸಿಕೊಂಡವು. 1925ರ ರಾಷ್ಟ್ರೀಯ ಪ್ರದರ್ಶನದಲ್ಲಿ ಸ್ಟೆಫಾನಿಟ್ಸ್ ಎಲ್ಲರ ನಿರೀಕ್ಷೆಯನ್ನು ಹುಸಿಗೊಳಿಸಿ, ಕಡಿಮೆ ಎತ್ತರದ, ನೀಳ ಮೈಯ, ದೂರದ ಹೆಜ್ಜೆಯ ಕ್ಲೋಡೋ ಫಾನ್ ಬಾಕ್ಸ್‌ಬರ್ಗ್ ಎಂಬ ನಾಯಿಗೆ ಅಗ್ರಸ್ಥಾನ ನೀಡಿದರು. ತಳಿಯ ದಿಕ್ಕು ಒಂದೇ ತೀರ್ಪಿನಿಂದ ತಿರುಗಿತು. 1929ರಲ್ಲಿ ಕ್ಲೋಡೋನ ಮಗ ಉಟ್ಸ್ ಕೂಡ ಗೆದ್ದಿತು. ಎಲ್ಲರೂ ಗೆದ್ದ ನಾಯಿಯ ಮರಿಗಳನ್ನೇ ಬಯಸಿದ್ದರಿಂದ, ಒಂದು ದೋಷ ತಿದ್ದಲು ಹೊರಟ ಕ್ರಮವೇ ತಳಿಯ ರಕ್ತವನ್ನು ಇನ್ನಷ್ಟು ಕಿರಿದಾಗಿಸಿದ್ದು ವಿಪರ್ಯಾಸ.

ಕೈತಪ್ಪಿದ ಸಂಘ

ಸ್ಟೆಫಾನಿಟ್ಸ್ ದೋಷಾತೀತರಾಗಿರಲಿಲ್ಲ. ಸಂಘದಲ್ಲಿ ಅವರ ಮಾತೇ ಅಂತಿಮ. ತಳಿಯ ಕುರಿತು ಅವರು ಬರೆದ, ಇಂಗ್ಲಿಷಿಗೂ ಅನುವಾದಗೊಂಡ ಬೃಹತ್ ಗ್ರಂಥದಲ್ಲಿ ನಾಯಿಗಳ ಜ್ಞಾನದ ಜತೆಗೆ ಆ ಕಾಲದ ಜನಾಂಗೀಯ ಪೂರ್ವಗ್ರಹಗಳೂ ಬೆರೆತಿವೆ. ಆದರೆ ಅಂತಹ ಪೂರ್ವಗ್ರಹವನ್ನೇ ರಾಜನೀತಿಯಾಗಿಸಿಕೊಂಡ ನಾಜಿಗಳು 1933ರಲ್ಲಿ ಅಧಿಕಾರ ಹಿಡಿದಾಗ, ಅವರು ಕಟ್ಟಿದ ಸಂಘವೂ ಆಡಳಿತದ ಹಿಡಿತಕ್ಕೆ ಸಿಲುಕಿತು. ಸತತ ಒತ್ತಡಕ್ಕೆ ಮಣಿದು, 36 ವರ್ಷ ನಡೆಸಿದ ಅಧ್ಯಕ್ಷ ಪದವಿಯನ್ನು ಅವರು 1935ರಲ್ಲಿ ತೊರೆದರು. ಮರುವರ್ಷ ಏಪ್ರಿಲ್ 22ರಂದು, ಸಂಘ ಹುಟ್ಟಿದ ದಿನದಂದೇ, ಡ್ರೆಸ್ಡೆನ್‌ನಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ 71 ವರ್ಷ.

ಉಳಿದುಬಂದ ಪಾಠ

ಅವರ ನಂತರ ತಳಿಯನ್ನು ಹೆಚ್ಚು ಕಾಡಿದ್ದು ಸೊಂಟದ ಕೀಲಿನ ದೋಷ. ತೊಡೆಮೂಳೆಯ ತಲೆ ಕೀಲಿನ ಗುಳಿಯಲ್ಲಿ ಬಿಗಿಯಾಗಿ ಕೂರದೆ ಸಡಿಲವಾಗಿ, ಕಾಲಕ್ರಮೇಣ ಸವೆದು ಸಂಧಿವಾತಕ್ಕೆ ದಾರಿಮಾಡುತ್ತದೆ. ಇದಕ್ಕೆ ಒಂದಲ್ಲ, ಹಲವು ವಂಶವಾಹಿಗಳು ಕಾರಣ. ಮರಿಯ ಆಹಾರ, ಬೆಳವಣಿಗೆಯ ವೇಗವೂ ಸೇರಿಕೊಳ್ಳುತ್ತವೆ. ಎಳೆಯ ನಾಯಿ ಚೆನ್ನಾಗಿ ಓಡಾಡಿಕೊಂಡಿದ್ದರೂ ದೋಷ ಒಳಗಿರಬಹುದು. ಎಕ್ಸ್‌ರೇ ಇಲ್ಲದ ಪರೀಕ್ಷಕನ ಕಣ್ಣಿಗೆ ಇದು ಕಾಣುವಂಥದ್ದಲ್ಲ. 1966ರಲ್ಲಿ ಜರ್ಮನ್ ಸಂಘ ಸೊಂಟದ ಎಕ್ಸ್‌ರೇ ತಪಾಸಣೆಯನ್ನು ಜಾರಿಗೆ ತಂದು, ತೇರ್ಗಡೆಯಾದ ನಾಯಿಗಳ ದಾಖಲೆಗೆ ಮುದ್ರೆ ಒತ್ತತೊಡಗಿತು. ಹಿಂಗಾಲುಗಳ ಬಲ ಕ್ರಮೇಣ ಉಡುಗಿಸುವ ಬೆನ್ನುಹುರಿಯ ರೋಗಕ್ಕೆ ಸಂಬಂಧಿಸಿದ ವಂಶವಾಹಿ ಬದಲಾವಣೆ 2009ರಲ್ಲಿ ಪತ್ತೆಯಾಯಿತು; ಈಗ ಅದಕ್ಕೂ ಪರೀಕ್ಷೆ ಉಂಟು.

ಆದರೂ ಪ್ರದರ್ಶನದ ಮೋಹ ಅಳಿಯಲಿಲ್ಲ. 2008ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಸಾಕ್ಷ್ಯಚಿತ್ರವೊಂದು, ಇಳಿಜಾರು ಬೆನ್ನಿನ ಪ್ರದರ್ಶನದ ಜರ್ಮನ್ ಶೆಫರ್ಡ್‌ಗಳ ತಡವರಿಸುವ ನಡಿಗೆಯನ್ನು ತೋರಿಸಿದಾಗ ಬ್ರಿಟನ್ನಿನಲ್ಲಿ ಕೋಲಾಹಲವೆದ್ದಿತು. ಆ ಬಳಿಕ ಅಲ್ಲಿನ ಕೆನಲ್ ಕ್ಲಬ್ ಹಲವು ತಳಿಗಳ ಮಾನದಂಡಗಳನ್ನು ಮರುಪರಿಶೀಲಿಸಿತು. ದಿನವಿಡೀ ಹಿಂಡಿನ ಸುತ್ತ ಓಡಲು ರೂಪುಗೊಂಡ ನಾಯಿಯೊಂದು ಅಂಗಣದ ಒಂದು ಸುತ್ತಿಗೇ ಎಡವುವುದನ್ನು ಸ್ಟೆಫಾನಿಟ್ಸ್ ಕಂಡಿದ್ದರೆ ಖಂಡಿತ ಸಹಿಸುತ್ತಿರಲಿಲ್ಲ.

ಅವರು ಮೊದಲಿಗೆ ಹಿಡಿದ ನಿಕಟ ರಕ್ತಸಂಬಂಧದ ದಾರಿಯ ಹೊರೆಯನ್ನು ತಳಿ ಇಂದಿಗೂ ಹೊತ್ತಿದೆ. ಅದನ್ನು ಇಳಿಸುವ ಸಾಧನಗಳೂ ಅವರು ಬಿಟ್ಟುಹೋದವೇ: ನಂಬಬಹುದಾದ ವಂಶಾವಳಿ, ಸಂತಾನಕ್ಕೆ ಮೊದಲು ಪರೀಕ್ಷೆ, ಕುಂದನ್ನು ಬಚ್ಚಿಡದ ದಾಖಲೆ. ಮರಿ ಕೊಳ್ಳಲು ಹೊರಟವರು ಅದರ ತಂದೆ ತಾಯಿಯ ಪದಕಗಳ ಬದಲು ಸೊಂಟದ ಎಕ್ಸ್‌ರೇ ವರದಿಯನ್ನು ಕೇಳಿದರೆ, ಆ ಹಳೆಯ ಅಶ್ವದಳದ ಅಧಿಕಾರಿಯ ಶ್ರಮಕ್ಕೆ ಅದಕ್ಕಿಂತ ತಕ್ಕ ಗೌರವ ಬೇರೆ ಇರಲಾರದು.