ಪ್ರೇಕ್ಷಕರಾಗಿ ಕೈಲಾಸಂ

ಟಿ.ಪಿ. ಕೈಲಾಸಂ (1884–1946) ನಾಟಕಕಾರರಾಗುವ ಮುನ್ನ ತುಂಬು ಆಸಕ್ತಿಯ ಪ್ರೇಕ್ಷಕರಾಗಿದ್ದರು. ಭೂವಿಜ್ಞಾನದ ವ್ಯಾಸಂಗಕ್ಕೆಂದು 1908ರಲ್ಲಿ ಲಂಡನ್ನಿಗೆ ತೆರಳಿದ ಅವರು, ಅಲ್ಲಿನ ನಾಟಕಗಳನ್ನೂ ಮ್ಯೂಸಿಕ್ ಹಾಲ್‌ಗಳ ಹಾಡುಗಳನ್ನೂ ಮನಸಾರೆ ಸವಿದರು. 1915ರಲ್ಲಿ ಅವರು ಮರಳಿದಾಗ ಇಲ್ಲಿನ ವೃತ್ತಿರಂಗಭೂಮಿಯಲ್ಲಿ ಪೌರಾಣಿಕ ವಸ್ತು, ರಾಗಬದ್ಧ ಹಾಡು ಹಾಗೂ ಗ್ರಾಂಥಿಕ ಸಂಭಾಷಣೆಗಳೇ ಪ್ರಧಾನವಾಗಿದ್ದವು. 1918ರ ‘ಟೊಳ್ಳು ಗಟ್ಟಿ’ಯ ಮೂಲಕ ಅವರು ಮಧ್ಯಮವರ್ಗದ ನಡುಮನೆಯನ್ನೂ ಅದರ ಇಂಗ್ಲಿಷ್‌ಬೆರಕೆಯ ಆಡುನುಡಿಯನ್ನೂ ರಂಗಕ್ಕೆ ತಂದರು. ಲಂಡನ್ನಿನ ‘ಟಿಪ್ಪರರಿ’ ಹಾಡಿನ ಧಾಟಿ ಅವರಲ್ಲಿ ತಿಪ್ಪಾರಳ್ಳಿಯ ಹಾಡಾಗಿ ಕನ್ನಡದ ಕಿವಿಗೆ ಒಗ್ಗಿತು. ಆದರೆ ಬರೆಯುವುದಕ್ಕಿಂತ ನುಡಿದು ತೋರುವುದೇ ಅವರಿಗೆ ಪ್ರಿಯವಾಗಿತ್ತು. ಅನ್ಯರು ಬರೆದುಕೊಂಡಷ್ಟು ಉಳಿಯಿತು. ಮಿಕ್ಕದ್ದು ಕೇಳಿದವರೊಡನೆಯೇ ಅಳಿಯಿತು. ಹೀಗಾಗಿ ಅವರ ರಂಗಪ್ರತಿಭೆಯನ್ನು ಅಳೆಯಲು ಮುದ್ರಿತ ಕೃತಿಗಳಷ್ಟೇ ಸಾಲವು.