ಕೈಗಳಿಗೆ ಮರಳಿ ಕೆಲಸ ಕಲಿಸಿದ ಗುರು ಕಮಲಾ ನಿಂಬ್ಕರ್

ಪರೇಲ್‌ನ ಕೆಇಎಂ ಆಸ್ಪತ್ರೆಯನ್ನು ಅರಿಯದ ಮುಂಬಯಿ ಕನ್ನಡಿಗರು ವಿರಳ. ಊರಿನಿಂದ ಬಂದ ರೋಗಿಯನ್ನು ಕರೆದುಕೊಂಡು ಕೇಸ್ ಪೇಪರ್ ಹಿಡಿದು ಅಲ್ಲಿನ ಸಾಲಿನಲ್ಲಿ ನಿಂತವರು ಎಷ್ಟೋ ಮಂದಿ. ಆದರೆ ಭಾರತದ ಮೊತ್ತಮೊದಲ ಆಕ್ಯುಪೇಶನಲ್ ಥೆರಪಿ ಶಾಲೆ 1950ರಲ್ಲಿ ಆರಂಭಗೊಂಡದ್ದು ಇದೇ ಆಸ್ಪತ್ರೆಯಲ್ಲಿ ಎಂಬುದು, ಅದನ್ನು ಕಟ್ಟಿ ಬೆಳೆಸಿದವರು ಅಮೆರಿಕದಲ್ಲಿ ಹುಟ್ಟಿ ಮಹಾರಾಷ್ಟ್ರದ ಸೊಸೆಯಾಗಿ ಬಂದ ಕಮಲಾ ವಿ. ನಿಂಬ್ಕರ್ ಎಂಬುದು ಹೆಚ್ಚಿನವರಿಗೆ ತಿಳಿಯದು.

ಆಕ್ಯುಪೇಶನಲ್ ಥೆರಪಿ ಎಂದರೆ ಕೆಲಸದ ಮೂಲಕವೇ ಕೊಡುವ ಚಿಕಿತ್ಸೆ. ಲಕ್ವ ಹೊಡೆದು ಬಲಗೈ ಬಿದ್ದುಹೋದವನಿಗೆ ಔಷಧಿಯಿಂದ ಜೀವ ಉಳಿಯಬಹುದು. ಅನ್ನ ಕಲಸಿ ತುತ್ತನ್ನು ಬಾಯಿಗೆ ಇಡಲು, ಅಂಗಿಯ ಗುಂಡಿ ಹಾಕಲು, ಕೊನೆಗೆ ದುಡಿಮೆಗೆ ಮರಳಲು ಅವನು ಪುನಃ ಕಲಿಯಬೇಕು. ಇದನ್ನು ಕಲಿಸುವವರೇ ಥೆರಪಿಸ್ಟರು. ಅಂಥವರನ್ನು ತಯಾರು ಮಾಡುವ ವ್ಯವಸ್ಥೆ ಸ್ವಾತಂತ್ರ್ಯ ಬಂದಾಗ ಈ ದೇಶದಲ್ಲಿ ಇರಲಿಲ್ಲ.

ಕಮಲಾ ಅವರ ಹುಟ್ಟುಹೆಸರು ಎಲಿಜಬೆತ್ ಲಂಡಿ. 1900ರಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನದಲ್ಲಿ ಜನಿಸಿದರು. ವಿಷ್ಣು ನಿಂಬ್ಕರ್ ಅವರ ಕೈ ಹಿಡಿದು, 1930ರ ಸುಮಾರಿಗೆ ಭಾರತಕ್ಕೆ ಬಂದು ಕಮಲಾ ಆದರು. ಮುಂಬಯಿಯಲ್ಲಿ ಮೊದಲು ಅವರನ್ನು ಸೆಳೆದದ್ದು ಚಿಕ್ಕ ಮಕ್ಕಳ ಶಿಕ್ಷಣ. ಮುಂದೆ ನಲವತ್ತು ದಾಟಿದ ಮೇಲೆ, ಸಂಸಾರಸ್ಥ ಹೆಂಗಸರು ಇನ್ನು ಸಾಕು ಎನ್ನುವ ಪ್ರಾಯದಲ್ಲಿ, ತವರು ದೇಶಕ್ಕೆ ಹೋಗಿ ಫಿಲಡೆಲ್ಫಿಯಾದ ಆಕ್ಯುಪೇಶನಲ್ ಥೆರಪಿ ಶಾಲೆಯಲ್ಲಿ ತರಬೇತಿ ಪಡೆದರು. ಬಯಸಿದ್ದರೆ ಅಲ್ಲಿಯೇ ಒಳ್ಳೆಯ ಆಸ್ಪತ್ರೆಯಲ್ಲಿ ನೆಲೆಯೂರಬಹುದಿತ್ತು. ಅವರು ಮುಂಬಯಿಗೆ ಮರಳಿದರು.

ಕೆಇಎಂನಂತಹ ಆಸ್ಪತ್ರೆಯಲ್ಲಿ ಒಬ್ಬ ಥೆರಪಿಸ್ಟ್ ದಿನವಿಡೀ ದುಡಿದರೂ ಎಷ್ಟು ರೋಗಿಗಳನ್ನು ನೋಡಿಯಾರು? ಒಬ್ಬರ ದುಡಿಮೆಯನ್ನೇ ನಂಬಿದ ಖಾತೆ ಅವರೊಂದಿಗೇ ಮುಚ್ಚಿಹೋಗುತ್ತದೆ. ಹಾಗಾಗಿ ರೋಗಿಗಳಷ್ಟೇ ವಿದ್ಯಾರ್ಥಿಗಳೂ ಕಮಲಾ ಅವರಿಗೆ ಮುಖ್ಯರಾದರು. ಮುಂಬಯಿಯಲ್ಲಿ ಫಿಸಿಯೋಥೆರಪಿ ಶಾಲೆ ತೆರೆದದ್ದು ಇದಾದ ಮೇಲೆ, 1953ರಲ್ಲಿ, ಎಂಬುದನ್ನು ಗಮನಿಸಿದರೆ ಅವರ ಸಾಹಸದ ಅಂದಾಜು ಸಿಗುತ್ತದೆ.

ಆ ಕಾಲದ ಪಾಠಕ್ಕೆ ಎರಡು ಮಗ್ಗುಲು. ಒಂದೆಡೆ ಶರೀರ ರಚನೆ, ರೋಗಗಳು, ಮನಶ್ಶಾಸ್ತ್ರ. ಇನ್ನೊಂದೆಡೆ ನೇಯ್ಗೆ, ಮರಗೆಲಸದಂತಹ ಕೈಕಸುಬು. ಮಗ್ಗ ಎಳೆಯುವಾಗ ಭುಜ ಎಷ್ಟು ತಿರುಗುತ್ತದೆ, ಗರಗಸ ಹಿಡಿದಾಗ ಯಾವ ಸ್ನಾಯು ಬಲಗೊಳ್ಳುತ್ತದೆ ಎಂಬುದನ್ನು ವಿದ್ಯಾರ್ಥಿ ಅರಿತಿರಬೇಕು. ಇದನ್ನು ಬುಟ್ಟಿ ಹೆಣೆಯುವ ಕ್ಲಾಸು ಎಂದು ತಿಳಿದವರು ಅಂದು ಇದ್ದರು, ಈಗಲೂ ಇದ್ದಾರೆ! ಮೇಲಾಗಿ ಅಮೆರಿಕದ ಪಾಠವನ್ನು ಹಾಗೆಯೇ ತಂದಿಡುವಂತಿರಲಿಲ್ಲ. ಅಲ್ಲಿ ಮೇಜಿನ ಮುಂದೆ ಕುಳಿತು ಚಮಚ ಹಿಡಿಯುವ ಊಟ, ಇಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೈಯಲ್ಲಿ ಉಣ್ಣುವ ರೂಢಿ. ಚಾಳಿನ ಒಂಟಿ ಕೋಣೆಗೆ ಮರಳುವ ಮಿಲ್ ಕಾರ್ಮಿಕನ ಅಗತ್ಯವೇ ಬೇರೆ.

ಕಲಿತು ಹೊರಬಂದವರು ಒಬ್ಬೊಬ್ಬರು ಒಂದೊಂದು ಆಸ್ಪತ್ರೆಯಲ್ಲಿ ಒಂಟಿಯಾಗಿ ಉಳಿದರೆ ವೃತ್ತಿ ನಿಲ್ಲುವುದು ಕಷ್ಟ. 1952ರಲ್ಲಿ ಅಖಿಲ ಭಾರತ ಆಕ್ಯುಪೇಶನಲ್ ಥೆರಪಿಸ್ಟರ ಸಂಘ ಸ್ಥಾಪನೆಯಾಯಿತು, ಕಮಲಾ ಅದರ ಸ್ಥಾಪಕ ಅಧ್ಯಕ್ಷೆ. ಅದೇ ವರ್ಷ ರೂಪುಗೊಂಡ ವಿಶ್ವ ಒಕ್ಕೂಟದ ಹತ್ತು ಸ್ಥಾಪಕ ಸದಸ್ಯ ರಾಷ್ಟ್ರಗಳಲ್ಲಿ ಭಾರತವೂ ಒಂದು. ಆಗ ಪರೇಲ್‌ನ ಶಾಲೆಗೆ ಕೇವಲ ಎರಡು ವರ್ಷ ಪ್ರಾಯ! 1955ರಲ್ಲಿ ಸಂಘದ ವೃತ್ತಿಪತ್ರಿಕೆ ಆರಂಭವಾಯಿತು. ಇದರಿಂದ ದೂರದ ಊರಿನಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗೂ ಕಲಿಕೆಯ ನಂಟು ಉಳಿಯಿತು. 1958ರಲ್ಲಿ ನಾಗಪುರದಲ್ಲಿ ಇನ್ನೊಂದು ಶಾಲೆ ತೆರೆಯಿತು. ಇಂದು ನಮ್ಮ ಮಣಿಪಾಲದಲ್ಲೂ ಈ ವಿಷಯದ ಪದವಿ ಶಿಕ್ಷಣವಿದೆ.

ಸರಕಾರದ ಮನ್ನಣೆ ಮಾತ್ರ ಬಹಳ ತಡವಾಯಿತು. ಈ ವೃತ್ತಿಯನ್ನೂ ಒಳಗೊಂಡ ರಾಷ್ಟ್ರೀಯ ಕಾಯಿದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2021ರಲ್ಲಿ. ಅಷ್ಟು ಹೊತ್ತಿಗೆ ಶಾಲೆಗೆ 71 ವರ್ಷ ತುಂಬಿತ್ತು. ಕಮಲಾ 1979ರಲ್ಲೇ ತೀರಿಕೊಂಡಿದ್ದರು. ಭಾರತದಲ್ಲಿ ಅಂಗವಿಕಲರ ಪುನರ್ವಸತಿಯ ಇತಿಹಾಸವನ್ನು ಕುರಿತು ಅವರು ಬರೆದ ಇಂಗ್ಲಿಷ್ ಪುಸ್ತಕ ಅವರ ನಿಧನಾನಂತರ ಹೊರಬಂತು.

ಅವರ ಪುತ್ರ ಬಿ. ವಿ. ನಿಂಬ್ಕರ್ ಸಾತಾರಾ ಜಿಲ್ಲೆಯ ಫಲ್ಟಣದಲ್ಲಿ ಕೃಷಿ ಸಂಶೋಧನೆಗೆ ಹೆಸರಾದವರು. ಸೊಸೆ ಜಾಯಿ ನಿಂಬ್ಕರ್ ಲೇಖಕಿ, ಇರಾವತಿ ಕರ್ವೆಯವರ ಮಗಳು. ಅದೇ ಫಲ್ಟಣದಲ್ಲಿ ಮಕ್ಕಳ ಶಾಲೆಯೊಂದಿದೆ. ಅದರ ಹೆಸರು ಕಮಲಾ ನಿಂಬ್ಕರ್ ಬಾಲಭವನ.