ಎಂಡ್ ಟಾಸ್ಕ್ ಒತ್ತಿದಾಗ ಸಿಕ್ಕ ವಾನ್ ನ್ಯೂಮನ್

ಲ್ಯಾಬಿನಲ್ಲಿ ಪ್ರಾಜೆಕ್ಟಿನ ಲಾಭ-ನಷ್ಟ ಖಾತೆ ಟೈಪ್ ಮಾಡುತ್ತಿದ್ದೆ. ಪೆನ್‌ಡ್ರೈವ್ ಹಾಕಿದ್ದೇ ತಡ, ಕಂಪ್ಯೂಟರ್ ನಿಂತಂತಾಯಿತು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಆಂಟಿವೈರಸ್ಸೇ ಅರ್ಧ ಪ್ರೊಸೆಸರ್ ತಿನ್ನುತ್ತಿತ್ತು. ಎಂಡ್ ಟಾಸ್ಕ್ ಒತ್ತಿದೆ, ಅದು ಒಪ್ಪಲಿಲ್ಲ. ನಾನು ತೆರೆಯದ ಪ್ರೋಗ್ರಾಂ ಹಿಂದೆ ಕೂತು ಏನು ಮಾಡುತ್ತದೆ ಎಂದು ಓದುತ್ತಾ ಹೋದಾಗ ಸಿಕ್ಕವರು ಜಾನ್ ವಾನ್ ನ್ಯೂಮನ್.

ಅವರು ಹುಟ್ಟಿದ್ದು 1903ರ ಡಿಸೆಂಬರ್ 28ರಂದು, ಹಂಗೇರಿಯ ಬುಡಾಪೆಸ್ಟ್‌ನ ಯಹೂದಿ ಕುಟುಂಬದಲ್ಲಿ. ತಂದೆ ಬ್ಯಾಂಕಿನವರು. ಮಗನಿಗೆ ಗಣಿತದ ಹುಚ್ಚು, ತಂದೆಗೆ ಗಣಿತದಿಂದ ಹೊಟ್ಟೆ ತುಂಬುತ್ತದೆಯೇ ಎಂಬ ಚಿಂತೆ. (ನಮ್ಮ ಮನೆಗಳ ಕಥೆಯೇ!) ಕೊನೆಗೆ ಹುಡುಗ ಎರಡನ್ನೂ ಓದಿದ. ಜ್ಯೂರಿಕ್‌ನಲ್ಲಿ ಕೆಮಿಕಲ್ ಎಂಜಿನಿಯರಿಂಗ್, ಬುಡಾಪೆಸ್ಟ್‌ನಲ್ಲಿ ಗಣಿತದ ಡಾಕ್ಟರೇಟ್. ಆಮೇಲೆ ಅಮೆರಿಕದ ಪ್ರಿನ್ಸ್‌ಟನ್ ಸೇರಿದರು. ಕಾಮರ್ಸಿನವರು ಓದುವ ಗೇಮ್ ಥಿಯರಿ ಬೆಳೆದದ್ದು 1944ರಲ್ಲಿ ಅವರು ಅರ್ಥಶಾಸ್ತ್ರಜ್ಞ ಮಾರ್ಗೆನ್‌ಸ್ಟರ್ನ್ ಜೊತೆ ಬರೆದ ಗ್ರಂಥದಿಂದ.

1945ರ ಒಂದು ವರದಿಯಲ್ಲಿ ಅವರು ಲೆಕ್ಕದ ಅಂಕಿಗಳನ್ನೂ ಆಜ್ಞೆಗಳನ್ನೂ ಒಂದೇ ಮೆಮೊರಿಯಲ್ಲಿ ಇಡುವ ಕಂಪ್ಯೂಟರನ್ನು ವಿವರಿಸಿದರು. ಎಕರ್ಟ್, ಮಾಕ್ಲಿ ಮುಂತಾದವರ ವಿಚಾರಗಳೂ ಅದರಲ್ಲಿದ್ದವು, ಹೆಸರು ಮಾತ್ರ ಇವರೊಬ್ಬರದೇ. ಅದು ನನಗೆ ಸರಿ ಕಾಣಲಿಲ್ಲ. ಆಜ್ಞೆಯೂ ಅಂಕಿಯಂತೆಯೇ ಇದ್ದರೆ ಒಂದು ಪ್ರೋಗ್ರಾಂ ಇನ್ನೊಂದನ್ನು ತಿದ್ದಬಹುದು, ವೈರಸ್ ನುಸುಳುವುದು ಅಲ್ಲೇ. 1949ರಲ್ಲಿ ಇಲಿನಾಯ್ಸ್ ವಿಶ್ವವಿದ್ಯಾಲಯದ ಉಪನ್ಯಾಸಗಳಲ್ಲಿ ತನ್ನದೇ ನಕಲನ್ನು ತಾನೇ ತಯಾರಿಸುವ ಯಂತ್ರ ಸಾಧ್ಯವೆಂದು ತೋರಿಸಿದರು. ಅವರ ಮನಸ್ಸಿನಲ್ಲಿದ್ದದ್ದು ಜೀವಿಗಳು ಮರಿ ಹಾಕುವ ರಹಸ್ಯ, ಕಳ್ಳತನವಲ್ಲ.

ಆ ನಕಲನ್ನು ತಡೆಯಲೆಂದೇ ಆಂಟಿವೈರಸ್ ಹಿಂದೆ ಕೂತಿರುತ್ತದೆ. ಫೈಲ್ ತೆರೆಯುವ ಮೊದಲೇ ಅದನ್ನು ತಡೆದು, ಗೊತ್ತಿರುವ ವೈರಸ್‌ಗಳ ಗುರುತಿಗೆ ಹೋಲಿಸುತ್ತದೆ, ಓಡುತ್ತಿರುವ ಪ್ರೋಗ್ರಾಂಗಳ ನಡತೆಯನ್ನೂ ಗಮನಿಸುತ್ತದೆ. ನಾನು ಅದನ್ನು ಮುಚ್ಚಬಹುದಾದರೆ ವೈರಸ್ಸೂ ಮುಚ್ಚಬಹುದು. ಎಂಡ್ ಟಾಸ್ಕ್ ಒಪ್ಪದ್ದು ಅದಕ್ಕೇ. ಎಲ್ಲ ವೈರಸ್‌ಗಳನ್ನೂ ತಪ್ಪಿಲ್ಲದೆ ಹಿಡಿಯುವ ಪ್ರೋಗ್ರಾಂ ಸಾಧ್ಯವಿಲ್ಲ ಎಂದು 1980ರ ದಶಕದಲ್ಲಿ ಫ್ರೆಡ್ ಕೋಹೆನ್ ಸಾಧಿಸಿದರು, ಆದ್ದರಿಂದ ಅಪ್‌ಡೇಟ್ ನಿಲ್ಲುವುದಿಲ್ಲ.

ಒಂದು ಸಂಗತಿ ಓದಿ ಮನಸ್ಸು ಭಾರವಾಯಿತು. ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಸ್ಫೋಟದ ಲೆಕ್ಕದಲ್ಲೂ ಇವರ ಕೈಯಿತ್ತು. 1955ರಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಸೈನ್ಯದ ರಹಸ್ಯ ಬಾಯಿಬಿಟ್ಟಾರೆಂದು ಆಸ್ಪತ್ರೆಯಲ್ಲೂ ಅವರಿಗೆ ಕಾವಲಿತ್ತು. 1957ರ ಫೆಬ್ರವರಿ 8ರಂದು ತೀರಿಕೊಂಡಾಗ ವಯಸ್ಸು 53. ನಕಲು ಯಂತ್ರದ ಪುಸ್ತಕ ಅಪೂರ್ಣವಾಗಿತ್ತು, ಆರ್ಥರ್ ಬರ್ಕ್ಸ್ ಅದನ್ನು ಮುಗಿಸಿ 1966ರಲ್ಲಿ ಹೊರತಂದರು.

ಅಂದ ಹಾಗೆ, ಅವತ್ತು ಸ್ಕ್ಯಾನ್ ಮುಗಿದಾಗ ನಾಲ್ಕು ಫೋಲ್ಡರುಗಳಲ್ಲಿ ಒಂದೇ ಫೈಲಿನ ನಕಲು ಸಿಕ್ಕಿತು. ಪೆನ್‌ಡ್ರೈವ್ ನನ್ನದೇ.